ನೆಲಕ್ಕೆ ಗುದ್ದಿದ ಮಾಡೆಲ್ ವಿಮಾನದ ಎಂಜಿನ್: ಮೊದಲು ತಿರುಗಿಸೋದನ್ನ ನಿಲ್ಲಿಸಿ

ಪ್ರಶ್ನೆ: ನನ್ನ ಟ್ರೈನರ್ ವಿಮಾನ ಮೂಗು ಕೆಳಗಾಗಿ ಹಸಿ ಹೊಲಕ್ಕೆ ಬಿತ್ತು. 46 ಸೈಜಿನ ಟೂ ಸ್ಟ್ರೋಕ್ ಗ್ಲೋ ಎಂಜಿನ್. ಪ್ರೊಪೆಲ್ಲರ್ ತುಂಡಾಗಿದೆ, ಕಾರ್ಬುರೇಟರ್ ಬಾಯಿ ತುಂಬಾ ಮಣ್ಣು, ಇಂಧನದ ಹರಿವು ಹೊಂದಿಸೋ ನೀಡಲ್ ಸೊಟ್ಟಗಾಗಿದೆ. ಕೈಯಲ್ಲಿ ತಿರುಗಿಸಿದರೆ ಒಳಗೆ ಕರಕರ ಅನ್ನುತ್ತೆ. ಪೆಟ್ರೋಲ್ ಹಾಕಿ ಅಲ್ಲಾಡಿಸಿ ಸ್ಟಾರ್ಟ್ ಮಾಡು, ತಾನೇ ಸರಿಹೋಗುತ್ತೆ ಅಂತ ಗೆಳೆಯ ಹೇಳ್ತಾನೆ. ಮನೆಯಲ್ಲೇ ರಿಪೇರಿ ಮಾಡಬಹುದಾ, ಇಲ್ಲ ಹೊಸ ಎಂಜಿನ್ನೇ ತಗೋಬೇಕಾ?

ಉತ್ತರ: ಮನೆಯಲ್ಲೇ ಮಾಡಬಹುದು. ಆದರೆ ದಯವಿಟ್ಟು ಅದನ್ನ ಇನ್ನೊಂದು ಸುತ್ತು ಕೂಡ ತಿರುಗಿಸಬೇಡಿ. ಗೆಳೆಯರ ಮಾತು ಈ ಒಂದು ವಿಷಯದಲ್ಲಿ ಕೇಳಬೇಡಿ. ಇಂಥ ಎಂಜಿನ್‌ಗಳು ಬಿದ್ದ ಹೊಡೆತಕ್ಕೆ ಸಾಯೋದು ಕಡಿಮೆ. ಬಿದ್ದ ಮೇಲೆ "ಇನ್ನೂ ತಿರುಗುತ್ತಾ ನೋಡೋಣ" ಅಂತ ನಾವು ತಿರುಗಿಸ್ತೀವಲ್ಲ, ಅದಕ್ಕೇ ಜಾಸ್ತಿ ಹಾಳಾಗೋದು.

ಯಾಕೆ ಅಂತ ಹೇಳ್ತೀನಿ. ನಿಮ್ಮದು 0.46 ಘನ ಇಂಚಿನ, ಅಂದರೆ ಸುಮಾರು 7.5 ಸಿಸಿ ಎಂಜಿನ್. ಈ ಸೈಜಿನ ಹೆಚ್ಚಿನ ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಮುಂದುಗಡೆ ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮೇಲೇ ಕೂತಿರುತ್ತೆ. ಶಾಫ್ಟ್ ಒಳಗಡೆ ಟೊಳ್ಳು. ಅದರ ಪಕ್ಕದಲ್ಲಿ ಒಂದು ಕಿಟಕಿ ಕೊರೆದಿರ್ತಾರೆ. ಆ ಕಿಟಕಿ ಕಾರ್ಬುರೇಟರ್ ಕೆಳಗೆ ಬಂದಾಗಲೆಲ್ಲ ಗಾಳಿ ಮತ್ತು ಇಂಧನ ಶಾಫ್ಟಿನ ಹೊಟ್ಟೆಯೊಳಗಿಂದ ಪಿಸ್ಟನ್ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಹೋಗುತ್ತೆ. ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸ್ ಪಂಪಿನ ಹಾಗೆ ಎಳೆಯುತ್ತೆ. ಕಾರ್ಬುರೇಟರ್ ಬಾಯಲ್ಲಿ ಮಣ್ಣಿದ್ದರೆ ಮಣ್ಣನ್ನೇ ಎಳೆಯುತ್ತೆ. ಅಲ್ಲಿಂದ ಅದು ಹಿಂದಿನ ಬೇರಿಂಗಿಗೆ ಬೀಳುತ್ತೆ, ಆಮೇಲೆ ಪಕ್ಕದ ದಾರಿಗಳಲ್ಲಿ ಹತ್ತಿ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮತ್ತು ಪಿಸ್ಟನ್ ನಡುವೆ ಸೇರಿಕೊಳ್ಳುತ್ತೆ. ಮರಳು ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಒಂದು ಕಾಳು ಸಾಕು.

ಇದನ್ನ ನಾನು ಕಲಿತದ್ದು ಸುಲಭದಲ್ಲಲ್ಲ. ವರ್ಷಗಳ ಹಿಂದೆ ನನ್ನ ವಿಮಾನ ಹೀಗೇ ಬಿದ್ದಿತ್ತು. ಹೊರಗಿನ ಮಣ್ಣು ಒರೆಸಿ, ಒಳಗಿರೋದು ಹಾರಿ ಹೋಗಲಿ ಅಂತ ಎಲೆಕ್ಟ್ರಿಕ್ ಸ್ಟಾರ್ಟರ್ ಹಿಡಿದೆ. ಅರ್ಧ ನಿಮಿಷವೂ ಇರಲಿಲ್ಲ. ಆಮೇಲೆ ಹೆಡ್ ಬಿಚ್ಚಿ ನೋಡಿದರೆ, ಕನ್ನಡಿ ಹಾಗಿದ್ದ ಲೈನರ್ ಒಳಗೆ ಮೇಲಿಂದ ಕೆಳಗೆ ಆರೇಳು ಗೀರು. ಉಗುರು ಆಡಿಸಿದರೆ ಟಕ್ ಟಕ್ ಅಂತ ಸಿಗುತ್ತಿತ್ತು. ಬಿದ್ದಾಗ ಆ ಎಂಜಿನ್‌ಗೆ ಆಗಿದ್ದು ಬರೀ ನೀಡಲ್ ಸೊಟ್ಟ. ಲೈನರ್ ಹಾಳು ಮಾಡಿದ್ದು ನಾನು.

ಹಾಗಾಗಿ ಮೊದಲು ಕಾರ್ಬುರೇಟರ್ ಬಾಯಿ ಕೆಳಗೆ ಬರೋ ಹಾಗೆ ಎಂಜಿನ್ ಹಿಡಿಯಿರಿ. ಸಡಿಲ ಮಣ್ಣು ಉದುರಲಿ. ಆಮೇಲೆ ಕಾರ್ಬುರೇಟರ್ ಬಾಯಿ, ಮಫ್ಲರ್ ಬಾಯಿ ಎರಡಕ್ಕೂ ಬಟ್ಟೆ ತುರುಕಿ, ಹಳೇ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಲ್ಲಿ ಹೊರಗಡೆ ಪೂರ್ತಿ ತೊಳೆಯಿರಿ. ಫಿನ್‌ಗಳ ಸಂದಿ, ಸ್ಕ್ರೂ ತಲೆಗಳ ಗುಳಿ, ಪ್ರೊಪೆಲ್ಲರ್ ನಟ್ ಹಿಂದೆ, ಎಲ್ಲಾ ಕಡೆ. ಹೊರಗೆ ಮಣ್ಣಿರೋವಾಗ ಒಳಗೆ ಬಿಚ್ಚಬಾರದು. ಪೆಟ್ರೋಲ್ ಬೇಡ. ಅದರ ಆವಿಗೆ ಬೆಂಕಿ ತಗಲೋದು ಕ್ಷಣದ ಮಾತು. ಟ್ಯಾಂಕಿನಲ್ಲಿ ಇಂಧನ ಉಳಿದಿದ್ದರೆ ಅದನ್ನೂ ದೂರ ಇಡಿ. ಆ ಇಂಧನದಲ್ಲಿರುವ ಮೆಥನಾಲ್ ಉರಿಯುವ ಜ್ವಾಲೆ ಹಗಲು ಬೆಳಕಲ್ಲಿ ಕಣ್ಣಿಗೆ ಕಾಣೋದೇ ಇಲ್ಲ ಅನ್ನಬಹುದು. ಅದು ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ, ಅದಕ್ಕೇ ಕೈಗವಸು ಹಾಕಿ, ಗಾಳಿ ಆಡುವ ಜಾಗದಲ್ಲಿ ಕೂತುಕೊಳ್ಳಿ.

ಈಗ ಬಿಚ್ಚೋದು. ಸರಿಯಾದ ಅಳತೆಯ, ಮೂಲೆ ಸವೆಯದ ಆಲನ್ ಕೀ ಇದ್ದರೆ ಅರ್ಧ ಕೆಲಸ ಆದ ಹಾಗೆ. ಸಾಮಾನ್ಯವಾಗಿ 3 ಎಂಎಂ ಸ್ಕ್ರೂಗಳಿರುತ್ತವೆ, ಅದಕ್ಕೆ 2.5 ಎಂಎಂ ಕೀ ಬೇಕು. ಇಂಧನದಲ್ಲಿರುವ ಹರಳೆಣ್ಣೆ ಒಣಗಿ ಅಂಟಿನ ಹಾಗೆ ಹಿಡಿದಿರುತ್ತೆ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಸೀಮೆಎಣ್ಣೆ ಪೂರ್ತಿ ಆರಿದ ಮೇಲೆ ಹೀಟ್ ಗನ್‌ನಿಂದ ಬಿಸಿ ಮಾಡಿ. ಕೀಯನ್ನ ಗುಳಿಯಲ್ಲಿ ಕೂರಿಸಿ ಮೇಲಿಂದ ಸಣ್ಣಗೆ ಒಂದು ಏಟು ಕೊಟ್ಟು ಆಮೇಲೆ ತಿರುಗಿಸಿ. ಸ್ಕ್ರೂ ತಲೆ ಸವೆದು ಹೋದರೆ ಅದನ್ನ ತೆಗೆಯೋದೇ ಒಂದು ದಿನದ ಕೆಲಸ.

ಮಫ್ಲರ್, ಗ್ಲೋ ಪ್ಲಗ್, ಕಾರ್ಬುರೇಟರ್, ಹಿಂದಿನ ಮುಚ್ಚಳವಾದ ಬ್ಯಾಕ್‌ಪ್ಲೇಟ್, ಹೆಡ್, ಈ ಕ್ರಮದಲ್ಲಿ ತೆಗೆಯಿರಿ. ಕಾರ್ಬುರೇಟರ್‌ನ ನೀಡಲ್‌ಗಳನ್ನ ತೆಗೆಯೋ ಮೊದಲು, ಪೂರ್ತಿ ಮುಚ್ಚೋಕೆ ಎಷ್ಟು ಸುತ್ತು ಬೇಕಾಯ್ತು ಅಂತ ಎಣಿಸಿ ಬರೆದಿಡಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಲೈನರ್ ಯಾವ ಕಡೆ ಮುಖ ಮಾಡಿತ್ತು, ಪಿಸ್ಟನ್ನಿನ ಯಾವ ಪಕ್ಕ ಮುಂದಿತ್ತು, ಕನೆಕ್ಟಿಂಗ್ ರಾಡ್‌ನ ಯಾವ ಮುಖ ಶಾಫ್ಟ್ ಕಡೆಗಿತ್ತು, ಇಷ್ಟು ಗೊತ್ತಿರಲೇಬೇಕು. ಒಟ್ಟಿಗೆ ಸವೆದ ಭಾಗಗಳು ಅದೇ ದಿಕ್ಕಲ್ಲಿ ವಾಪಸ್ ಕೂರಬೇಕು.

ಪ್ರೊಪೆಲ್ಲರ್ ನಟ್ ಬಿಚ್ಚುವಾಗ ಶಾಫ್ಟ್ ತಿರುಗದಿರಲಿ ಅಂತ ಎಕ್ಸಾಸ್ಟ್ ಕಿಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸುವವರನ್ನ ನೋಡಿದ್ದೀನಿ. ಹಾಗೆ ಮಾಡಲೇಬೇಡಿ. ಪಿಸ್ಟನ್ ಅಂಚು ಮುರಿಯುತ್ತೆ, ಇಲ್ಲ ಲೈನರ್ ಕಿಂಡಿಯ ತುದಿ ಏಳುತ್ತೆ. ಮುರಿದ ಪ್ರೊಪೆಲ್ಲರ್‌ನ ಬುಡ ಇನ್ನೂ ಅಲ್ಲೇ ಇದೆ ಅಲ್ವಾ? ದಪ್ಪ ಬಟ್ಟೆ ಸುತ್ತಿ ಅದನ್ನೇ ಹಿಡಿದು ನಟ್ ಸಡಿಲಿಸಿ. ಈ ಒಂದು ಚೂರು ಅಲುಗಾಟ ಪರವಾಗಿಲ್ಲ, ಸುತ್ತು ಹೊಡೆಸಬೇಡಿ ಅಷ್ಟೇ. ಅದರ ಹಿಂದಿನ ಡ್ರೈವ್ ವಾಷರ್ ಗಟ್ಟಿಯಾಗಿ ಕೂತಿದ್ದರೆ ಸಣ್ಣ ಪುಲ್ಲರ್ ಬಳಸಿ. ಕೇಸಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಮುಂದಿನ ಬೇರಿಂಗ್ ಮನೆಯ ಅಂಚು ಒಡೆಯುತ್ತೆ.

ಕೇಸನ್ನ ಬಿಸಿ ಮಾಡಿದರೆ ಲೈನರ್ ಸಾಮಾನ್ಯವಾಗಿ ಕೈಗೇ ಬರುತ್ತೆ. ಬರದಿದ್ದರೆ ಎಕ್ಸಾಸ್ಟ್ ಕಿಂಡಿಯಲ್ಲಿ ನೈಲಾನ್ ಪಟ್ಟಿ ಇಟ್ಟು ಪಿಸ್ಟನ್ನಿನಿಂದ ಮೇಲಕ್ಕೆ ತಳ್ಳಿಸೋ ಉಪಾಯ ಇದೆ. ಆದರೆ ನಿಮ್ಮ ಎಂಜಿನ್‌ನಲ್ಲಿ ಮರಳಿದೆ, ಅದು ಬೇಡ. ಮೊದಲು ಒಳಗೆಲ್ಲ ಸೀಮೆಎಣ್ಣೆ ಸುರಿದು ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಬಿಸಿ ಮಾಡಿ, ತಾಳ್ಮೆಯಿಂದ ಎತ್ತಿ. ಲೈನರ್ ಹೊರಬಂದ ಮೇಲೆ ರಾಡನ್ನ ಕ್ರ್ಯಾಂಕ್ ಪಿನ್ನಿನಿಂದ ಹಿಂದಕ್ಕೆ ಜಾರಿಸಿದರೆ ಪಿಸ್ಟನ್ ಸಮೇತ ಮೇಲೆ ಬರುತ್ತೆ. ಕೊನೆಗೆ ಶಾಫ್ಟ್. ಅದು ಹಿಂದುಗಡೆಯಿಂದ ಹೊರಗೆ ಬರಬೇಕು. ಬಿಗಿಯಿದ್ದರೆ ಪ್ರೊಪೆಲ್ಲರ್ ನಟ್ಟನ್ನ ಶಾಫ್ಟ್ ತುದಿಗೆ ಸಮವಾಗಿ ಹಾಕಿ ಮರದ ತುಂಡಿನಿಂದ ತಟ್ಟಿ. ನಟ್ ಇಲ್ಲದೆ ಹೊಡೆದರೆ ಥ್ರೆಡ್ ಚಪ್ಪಟೆಯಾಗುತ್ತೆ.

ಎಲ್ಲ ಭಾಗಗಳನ್ನ ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ಒಂದೊಂದಾಗಿ ತೊಳೆಯಿರಿ. ನಾನು ಮಾಡೋದು ಹೀಗೆ: ತೊಳೆದ ಸೀಮೆಎಣ್ಣೆಯನ್ನ ಬೇರೆ ಬಿಳಿ ಬಟ್ಟೆಯಲ್ಲಿ ಸೋಸ್ತೀನಿ. ಮೊದಲ ಸಲ ಬಟ್ಟೆ ಕಂದು ಬಣ್ಣ ಆಗುತ್ತೆ, ದೀಪಕ್ಕೆ ಹಿಡಿದರೆ ಮರಳಿನ ಕಾಳು ಮಿಣಮಿಣ ಅಂತ ಹೊಳೆಯುತ್ತವೆ. ಎರಡನೇ ಸಲ ಕಡಿಮೆ. ಬಟ್ಟೆಯಲ್ಲಿ ಒಂದೂ ಕಾಳು ಕಾಣದೇ ಇರೋವರೆಗೆ ಹೊಸ ಸೀಮೆಎಣ್ಣೆ ಹಾಕಿ ತೊಳೀತೀನಿ. ಹೆಚ್ಚಾಗಿ ನಾಲ್ಕು ಸಲ ಆಗುತ್ತೆ. ಶಾಫ್ಟಿನ ಟೊಳ್ಳು, ರಾಡಿನ ಎಣ್ಣೆ ತೂತು, ಕೇಸಿನ ಒಳಗೋಡೆಯಲ್ಲಿರುವ ಪಕ್ಕದ ದಾರಿಗಳು, ಈ ಮೂರು ಕಡೆ ಕಾಳು ಅಡಗಿ ಕೂತಿರುತ್ತೆ. ಹಳೇ ಎಣ್ಣೆಯ ಕಂದು ಪದರ ತೆಗೆಯೋಕೆ ಒವನ್ ಕ್ಲೀನರ್, ಕಾಸ್ಟಿಕ್ ಸೋಡಾ ಇಂಥವನ್ನ ಹಾಕಬೇಡಿ, ಅವು ಅಲ್ಯೂಮಿನಿಯಂ ತಿಂದುಹಾಕುತ್ತವೆ.

ಇನ್ನು ಶಾಫ್ಟ್. ನಿಮ್ಮ "ರಿಪೇರಿನಾ, ಹೊಸದಾ" ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. ಪ್ರೊಪೆಲ್ಲರ್ ತುಂಡಾಗಿದೆ ಅಂದರೆ ಆ ಹೊಡೆತ ಶಾಫ್ಟಿಗೆ ಬಿದ್ದಿದೆ. ಎಂಜಿನ್ ಪೂರ್ತಿ ವೇಗದಲ್ಲಿತ್ತಾ, ನಿಧಾನವಾಗಿತ್ತಾ ಅನ್ನೋದರ ಮೇಲೆ ಎಷ್ಟು ಅನ್ನೋದು ಗೊತ್ತಾಗುತ್ತೆ. ಸೊಟ್ಟಗಾಗೋದು ಹೆಚ್ಚಾಗಿ ಎರಡು ಕಡೆ. ಒಂದು, ಮುಂದಿನ ಬೇರಿಂಗಿನಿಂದ ಆಚೆ ಇರೋ ಸಣ್ಣ ಥ್ರೆಡ್ ಭಾಗ. ಇನ್ನೊಂದು, ಕಿಟಕಿ ಕೊರೆದ ಜಾಗ, ಯಾಕೆಂದರೆ ಅಲ್ಲಿ ಲೋಹ ಕಡಿಮೆ.

ಡಯಲ್ ಗೇಜ್ ಮತ್ತು ವಿ-ಬ್ಲಾಕ್ ಇದ್ದರೆ ಶಾಫ್ಟನ್ನ ಬೇರಿಂಗ್ ಕೂರುವ ಎರಡು ಜಾಗಗಳ ಮೇಲೆ ಇಟ್ಟು ತಿರುಗಿಸಿ, ತುದಿಯಲ್ಲಿ ಅಳೆಯಿರಿ. ಮುಳ್ಳು ಎರಡು ಮೂರು ನೂರನೇ ಎಂಎಂ ಆಡಿದರೆ ನಾನು ಒಪ್ತೀನಿ. ಹತ್ತು ನೂರನೇ ಎಂಎಂ, ಅಂದರೆ 0.1 ಎಂಎಂ ಆಡಿದರೆ ಒಪ್ಪಲ್ಲ. ಗೇಜ್ ಇಲ್ಲದಿದ್ದರೆ ತೊಳೆದ ಬೇರಿಂಗ್‌ಗಳ ಜೊತೆ ಶಾಫ್ಟನ್ನ ಖಾಲಿ ಕೇಸಿಗೆ ಹಾಕಿ, ಕೇಸನ್ನ ಮೇಜಿಗೆ ಗಟ್ಟಿಯಾಗಿ ಹಿಡಿಸಿ. ಶಾಫ್ಟ್ ತುದಿಯ ಹತ್ತಿರ ಒಂದು ಸೂಜಿಯನ್ನ ಅಲ್ಲಾಡದ ಹಾಗೆ ನಿಲ್ಲಿಸಿ, ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ. ಹಿಂದೆ ಬಿಳಿ ಕಾಗದ ಇಟ್ಟು ನಿಧಾನವಾಗಿ ತಿರುಗಿಸಿ. ಸೂಜಿ ಮತ್ತು ಶಾಫ್ಟ್ ನಡುವಿನ ಬೆಳಕಿನ ಗೆರೆ ಇಡೀ ಸುತ್ತಿನಲ್ಲಿ ಒಂದೇ ದಪ್ಪ ಇರಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ ಆದರೆ ಶಾಫ್ಟ್ ಸೊಟ್ಟ. ಥ್ರೆಡ್ ಮೇಲೆ ನೋಡಬೇಡಿ, ಅದರ ಪಕ್ಕದ ನುಣುಪು ಭಾಗದಲ್ಲೂ ತುದಿಯಲ್ಲೂ ನೋಡಿ, ಎಲ್ಲಿ ಸೊಟ್ಟ ಅನ್ನೋದೂ ತಿಳಿಯುತ್ತೆ.

ಸೊಟ್ಟಗಿದ್ದರೆ ಬಡಿದು ನೇರ ಮಾಡಬಹುದಾ ಅಂತ ಎಲ್ಲರೂ ಕೇಳ್ತಾರೆ. ನನ್ನ ಮಾತು ಕೇಳಿದರೆ ಬೇಡ. ಶಾಫ್ಟಿನ ಮೇಲ್ಮೈ ಗಟ್ಟಿ ಮಾಡಿದ ಉಕ್ಕು. ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬರುತ್ತೆ. ಆ ಶಾಫ್ಟ್ ನಿಮಿಷಕ್ಕೆ 12,000 ಸುತ್ತು ತಿರುಗಬೇಕು, ಅಂದರೆ ಸೆಕೆಂಡಿಗೆ 200 ಸುತ್ತು. ಆ ವೇಗದಲ್ಲಿ ಕಿಟಕಿ ಹತ್ತಿರ ತುಂಡಾದರೆ ಪ್ರೊಪೆಲ್ಲರ್ ಶಾಫ್ಟ್ ಸಮೇತ ಹಾರುತ್ತೆ. ನಿಮ್ಮ ಮುಖ ಅಲ್ಲೇ ಇರುತ್ತೆ. ತುಂಡಾಗದಿದ್ದರೂ ಸ್ವಲ್ಪ ಸೊಟ್ಟಕ್ಕೇ ನಡುಕ ಶುರುವಾಗುತ್ತೆ. ನಡುಕಕ್ಕೆ ಟ್ಯಾಂಕಿನಲ್ಲಿ ಇಂಧನ ನೊರೆಯಾಗುತ್ತೆ, ನೊರೆ ಬಂದರೆ ಎಂಜಿನ್ ಲೀನ್ ಆಗುತ್ತೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗಲ್ಲ, ಬಿಸಿ ಏರುತ್ತೆ. ಜನ ಆಗ ನೀಡಲ್ ತಿರುಗಿಸ್ತಾ ಕೂರ್ತಾರೆ. ಶಾಫ್ಟ್ ಬದಲಿಸಿ ಸಾಕು.

ಬೇರಿಂಗ್ ವಿಷಯದಲ್ಲಿ ನಾನು ಯೋಚನೆಯೇ ಮಾಡಲ್ಲ. ಒಳಗೆ ಮಣ್ಣು ಹೋಗಿದ್ದರೆ ಎರಡನ್ನೂ ಬದಲಿಸಿ. ನೀವು ಕೇಳಿದ ಕರಕರ ಬಹುಶಃ ಹಿಂದಿನ ಬೇರಿಂಗಿನದು. ಬೇರಿಂಗ್ ಪಕ್ಕದಲ್ಲಿ ನಂಬರ್ ಇರುತ್ತೆ, ಅದೇ ಅಳತೆಯದು ಬೇರಿಂಗ್ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತೆ. ಉದಾಹರಣೆಗೆ 6902 ಅಂತಿದ್ದರೆ ಒಳಗಿನ ವ್ಯಾಸ 15 ಎಂಎಂ, ಹೊರಗಿನದು 28, ದಪ್ಪ 7. 607 ಅಂದರೆ 7, 19, 6. ಹಿಂದಿನದಕ್ಕೆ ಮುಚ್ಚಳ ಇಲ್ಲದ ಬೇರಿಂಗ್ ತಗೊಳ್ಳಿ, ಇಂಧನದಲ್ಲಿರುವ ಎಣ್ಣೆಯೇ ಅದಕ್ಕೆ ಎಣ್ಣೆ. ಮುಂದಿನದಕ್ಕೆ ಹೊರಗಡೆ ಮುಚ್ಚಳ ಇದ್ದರೆ ಒಳ್ಳೇದು.

ತೆಗೆಯೋದು, ಹಾಕೋದು ಎರಡಕ್ಕೂ ಬಿಸಿಯೇ ದಾರಿ. ಓ-ರಿಂಗ್, ಪ್ಲಾಸ್ಟಿಕ್ ಏನೂ ಇಲ್ಲದ, ಇಂಧನದ ವಾಸನೆಯೂ ಇಲ್ಲದ ಹಾಗೆ ತೊಳೆದು ಒಣಗಿಸಿದ ಬರೀ ಕೇಸನ್ನ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ. ಅಡುಗೆಗೆ ಬಳಸುವ ಒವನ್ ಬೇಡ, ಬರಿ ಬೆಂಕಿಯೂ ಬೇಡ. ಬೆಂಕಿಯಲ್ಲಿ ಒಂದೇ ಕಡೆ ಕಾದು ಕೇಸ್ ಆಕಾರ ಕೆಡುತ್ತೆ. ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತೆ, ಆಗ ಬೇರಿಂಗ್ ಹಿಡಿತ ಬಿಡುತ್ತೆ. ದಪ್ಪ ಕೈಗವಸು ಹಾಕಿ, ಕೇಸಿನ ಹಿಂಬದಿಯನ್ನ ಮರದ ಹಲಗೆಗೆ ಸಮವಾಗಿ ಟಪ್ ಅಂತ ಬಡಿಯಿರಿ, ಹಿಂದಿನ ಬೇರಿಂಗ್ ಉದುರುತ್ತೆ. ಮುಂದಿನದನ್ನ ಒಳಗಿಂದ ಮರದ ಕಡ್ಡಿಯಲ್ಲಿ ತಳ್ಳಿ. ಹೊಸದನ್ನ ಹಾಕುವಾಗ ಕೇಸ್ ಬಿಸಿ, ಬೇರಿಂಗ್ ತಣ್ಣಗೆ. ನೇರ ಹಿಡಿದು ಬಿಟ್ಟರೆ ತಾನೇ ಜಾರಿ ಕೂರುತ್ತೆ. ಸುತ್ತಿಗೆ ಹಿಡಿಯುವ ಹಾಗಾದರೆ ಬಿಸಿ ಸಾಲಲಿಲ್ಲ ಅಂತ ಅರ್ಥ, ಮತ್ತೆ ಕಾಯಿಸಿ.

ಈಗ ಪಿಸ್ಟನ್ ಮತ್ತು ಲೈನರ್. ನಿಮ್ಮದು ಬಹುಶಃ ಎಬಿಸಿ ಅಥವಾ ಎಬಿಎನ್ ಮಾದರಿ, ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಲೈನರ್, ಒಳಗೆ ಕ್ರೋಮ್ ಅಥವಾ ನಿಕ್ಕಲ್ ಲೇಪ. ಇದರಲ್ಲಿ ರಿಂಗ್ ಇರಲ್ಲ. ಲೈನರ್ ಮೇಲೆ ಹೋಗ್ತಾ ಸ್ವಲ್ಪ ಕಿರಿದಾಗುತ್ತೆ, ತಣ್ಣಗಿರುವಾಗ ಪಿಸ್ಟನ್ ತುದಿಯಲ್ಲಿ ಸಿಕ್ಕಿಕೊಂಡ ಹಾಗೆ ಬಿಗಿಯಾಗುತ್ತೆ. ಅದು ಹಾಳಾಗಿದ್ದಲ್ಲ, ಹಾಗೇ ಇರಬೇಕು. ಕಾದಾಗ ಲೈನರ್ ಹಿಗ್ಗಿ ಸರಿಹೋಗುತ್ತೆ. ಎಷ್ಟೋ ಜನ ಇದನ್ನೇ ಪೆಟ್ಟು ಅಂದುಕೊಂಡು ಲೈನರ್ ಉಜ್ಜಿ ಎಂಜಿನ್ ಕೊಂದಿದ್ದಾರೆ. ಎಮರಿ ಕಾಗದ ಹತ್ತಿರಕ್ಕೂ ತರಬೇಡಿ, ಅದರ ಕಾಳೂ ಮರಳಿನ ಹಾಗೇ ಪಿಸ್ಟನ್ನಿನಲ್ಲಿ ಹೂತುಕೊಳ್ಳುತ್ತೆ.

ಗೀರು ಎಲ್ಲಿದೆ ನೋಡಿ. ಎಕ್ಸಾಸ್ಟ್ ಕಿಂಡಿಯಿಂದ ಕೆಳಗಿರುವ ಸಣ್ಣ ಗೀರಿಗೆ ಚಿಂತೆ ಬೇಡ. ಕಿಂಡಿಯ ಮೇಲಂಚಿನಿಂದ ತುದಿವರೆಗಿನ ಜಾಗದಲ್ಲೇ ಕಂಪ್ರೆಷನ್ ನಿಲ್ಲೋದು, ಅಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಕಂಪ್ರೆಷನ್ ಸೋರುತ್ತೆ. ಪಿಸ್ಟನ್ನನ್ನ ಭೂತಗನ್ನಡಿಯಲ್ಲಿ ನೋಡಿ, ಮರಳಿನ ಕಾಳು ಹೂತಿದ್ದರೆ ಬೂದು ಚುಕ್ಕೆಯಾಗಿ ಕಾಣುತ್ತೆ. ಬದಲಿಸುವುದಾದರೆ ಪಿಸ್ಟನ್ ಲೈನರ್ ಎರಡೂ ಜೋಡಿಯಾಗೇ ತಗೊಳ್ಳಿ. ರಾಡನ್ನೂ ಪಕ್ಕದಿಂದ ನೋಡಿ, ಎರಡು ತೂತುಗಳಿಗೂ ಸರಿಯಾಗಿ ಕೂರುವ ಕಡ್ಡಿ ತೂರಿಸಿದರೆ ಅವು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು.

ಕೇಸಿನಲ್ಲಿ ಬಿರುಕು ಹುಡುಕಿ. ಮೌಂಟಿಗೆ ಸ್ಕ್ರೂ ಹಾಕುವ ಎರಡು ಕಿವಿಗಳ ಬುಡ, ಕಾರ್ಬುರೇಟರ್ ಕೂರುವ ಕೊರಳು, ಮುಂದಿನ ಬೇರಿಂಗ್ ಸುತ್ತ. ಕಿವಿ ಮುರಿದಿದ್ದರೆ ವೆಲ್ಡಿಂಗ್ ಮಾಡಿಸ್ತೀನಿ ಅಂತ ಹೋಗಬೇಡಿ. ಎರಕದ ಅಲ್ಯೂಮಿನಿಯಂ ಎಣ್ಣೆ ಕುಡಿದಿರುತ್ತೆ, ಬೆಸುಗೆ ಸರಿಯಾಗಿ ಹಿಡಿಯಲ್ಲ, ಆ ಕಾವಿಗೆ ಬೇರಿಂಗ್ ಮನೆಯೂ ಓರೆಯಾಗುತ್ತೆ. ಅಂಟು ಹಚ್ಚಿದರೆ ಮೊದಲ ಹಾರಾಟದ ನಡುಕಕ್ಕೇ ಬಿಡುತ್ತೆ. ಕೇಸ್ ಬದಲಿಸಬೇಕು.

ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆಯಿರಿ. ನೀಡಲ್ ಹೊರಗಿನ ಉದ್ದ ಕಡ್ಡಿ ಮಾತ್ರ ಬಾಗಿದ್ದರೆ ಕೈಯಲ್ಲಿ ನೇರ ಮಾಡಿ ಗಾಜಿನ ಮೇಲೆ ಉರುಳಿಸಿ ನೋಡಬಹುದು. ಚೂಪು ತುದಿ ಬಾಗಿದ್ದರೆ, ತುದಿಯಲ್ಲಿ ಉಂಗುರದ ಹಾಗೆ ಗುರುತು ಬಿದ್ದಿದ್ದರೆ ಹೊಸದೇ ಬೇಕು. ಓ-ರಿಂಗ್‌ಗಳನ್ನ ಹೇಗೂ ಬಿಚ್ಚಿದ್ದೀರಿ, ಎಲ್ಲವನ್ನೂ ಬದಲಿಸಿ. ಕೊರಳಿನ ಓ-ರಿಂಗ್ ಹರಿದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಎಂಜಿನ್ ನಿಧಾನ ಮಾಡಿದರೂ ಇಳಿಯದೇ ಹುಚ್ಚು ವೇಗದಲ್ಲಿ ಓಡುತ್ತೆ.

ಜೋಡಿಸುವಾಗ ಪ್ರತಿ ಭಾಗಕ್ಕೂ ಎಣ್ಣೆ ಸವರಿ. ಲೈನರ್ ಅಂಚಿನ ಕಚ್ಚು ಕೇಸಿನ ಸಣ್ಣ ಪಿನ್ನಿಗೆ ಕೂರಲಿ. ಹೆಡ್ ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಗ್ಲೋ ಪ್ಲಗ್ ಹೊಸದು ಹಾಕಿ. ಅದರ ಪ್ಲಾಟಿನಂ ತಂತಿ ಮೆಥನಾಲ್ ಜೊತೆ ಸೇರಿಯೇ ಕೆಂಪಗೆ ಉಳಿಯೋದು, ಮಣ್ಣು ಮೆತ್ತಿದ ತಂತಿ ಬೇಗ ಆರುತ್ತೆ.

ಎಂಜಿನ್ ಸರಿ ಮಾಡಿದ ಮೇಲೂ ಜನ ಮರೆಯುವ ಒಂದು ವಿಷಯ ಟ್ಯಾಂಕು. ವಿಮಾನ ಮೂಗಿನ ಮೇಲೆ ಬಿದ್ದಾಗ ಒಳಗಿನ ಕ್ಲಂಕ್, ಅಂದರೆ ಇಂಧನ ಹೀರುವ ಪೈಪಿನ ತುದಿಯ ಭಾರ, ಮುಂದಕ್ಕೆ ನುಗ್ಗಿ ಅಲ್ಲೇ ಮಡಚಿಕೊಂಡು ಕೂತಿರುತ್ತೆ. ನೆಲದ ಮೇಲೆ ಎಂಜಿನ್ ಚೆನ್ನಾಗೇ ಓಡುತ್ತೆ. ಮೂಗು ಮೇಲೆತ್ತಿದ ಕೂಡಲೇ ಇಂಧನ ಹಿಂದಕ್ಕೆ ಹೋಗುತ್ತೆ, ಕ್ಲಂಕ್ ಗಾಳಿ ಹೀರುತ್ತೆ, ಎಂಜಿನ್ ನಿಲ್ಲುತ್ತೆ. ಹೀಗಾಗಿ ರಿಪೇರಿ ಆದ ವಿಮಾನವನ್ನ ಮೊದಲ ಹಾರಾಟದಲ್ಲೇ ಕಳೆದುಕೊಂಡವರಿದ್ದಾರೆ. ಟ್ಯಾಂಕ್ ಹೊರತೆಗೆದು ಕ್ಲಂಕ್ ಹಿಂದಕ್ಕೆ ಎಳೆದುಕೊಳ್ಳಿ, ಪೈಪುಗಳನ್ನ ಬದಲಿಸಿ, ಮೌಂಟ್ ಮತ್ತು ಅದರ ಹಿಂದಿನ ಹಲಗೆ ಬಿರುಕು ಬಿಟ್ಟಿದೆಯಾ ನೋಡಿ.

ಮೊದಲು ಓಡಿಸೋದು ವಿಮಾನದಲ್ಲಿ ಬೇಡ, ಮೇಜಿಗೆ ಬಿಗಿದ ಸ್ಟ್ಯಾಂಡಿನಲ್ಲಿ. ಪ್ರೊಪೆಲ್ಲರ್ ಹೊಸದು, ಬ್ಯಾಲೆನ್ಸ್ ಮಾಡಿದ್ದು, ಈ ಸೈಜಿಗೆ 11x6 ಇಂಚಿನದು ಸರಿ. ಬೆರಳಲ್ಲಿ ತಿರುಗಿಸಬೇಡಿ, ಕೋಲು ಅಥವಾ ಸ್ಟಾರ್ಟರ್ ಬಳಸಿ. ಹೊತ್ತಿದ ಮೇಲೆ ನೀವು ಪ್ರೊಪೆಲ್ಲರ್ ಹಿಂದೆ ನಿಲ್ಲಬೇಕು, ಪಕ್ಕದಲ್ಲಿ ಯಾರೂ ಇರಬಾರದು. ನೀಡಲನ್ನ ಬರೆದಿಟ್ಟ ಸುತ್ತಿಗಿಂತ ಅರ್ಧ ಸುತ್ತು ಜಾಸ್ತಿ ತೆರೆದು ಶುರು ಮಾಡಿ. ಬರೀ ಬೇರಿಂಗ್ ಬದಲಿಸಿದ್ದರೆ ಒಂದು ಟ್ಯಾಂಕ್ ಓಡಿಸಿ ನೋಡಿದರೆ ಸಾಕು. ಪಿಸ್ಟನ್ ಲೈನರ್ ಹೊಸದಾದರೆ ಎರಡು ಮೂರು ನಿಮಿಷ ಓಡಿಸಿ ಪೂರ್ತಿ ಆರಲು ಬಿಟ್ಟು ಮತ್ತೆ ಓಡಿಸಿ, ಹಾಗೆ ಹಲವು ಸಲ. ಎಬಿಸಿ ಎಂಜಿನ್ನನ್ನ ಇಂಧನ ತೀರಾ ಜಾಸ್ತಿ ಕೊಟ್ಟು ತಣ್ಣಗೆ ಓಡಿಸೋದೂ ತಪ್ಪು, ಅದು ಕಾದರೇನೇ ಲೈನರ್ ಹಿಗ್ಗೋದು. ಎಕ್ಸಾಸ್ಟಿನಲ್ಲಿ ಎಣ್ಣೆ ಹೊಗೆ ಚೆನ್ನಾಗಿ ಕಾಣ್ತಿರಲಿ.

ನಿಮ್ಮ ಎಂಜಿನ್‌ಗೆ ನನ್ನ ಅಂದಾಜು: ಎರಡು ಬೇರಿಂಗ್, ಒಂದು ನೀಡಲ್, ಓ-ರಿಂಗ್‌ಗಳು, ಪ್ಲಗ್. ಶಾಫ್ಟ್ ಸೊಟ್ಟಗಿದ್ದರೆ ಅದೂ ಒಂದು, ಆಗಲೂ ರಿಪೇರಿಯೇ ಸರಿ. ಶಾಫ್ಟ್, ಕೇಸ್, ಪಿಸ್ಟನ್ ಲೈನರ್ ಇವುಗಳಲ್ಲಿ ಎರಡು ಹೋಗಿದ್ದರೆ ಮಾತ್ರ ಹೊಸ ಎಂಜಿನ್ ತಗೊಳ್ಳಿ, ಹಳೆಯದರ ಕಾರ್ಬುರೇಟರ್, ಮಫ್ಲರ್, ಹೆಡ್ ಎತ್ತಿಡಿ. ಇವತ್ತೇ ಬಿಚ್ಚೋಕೆ ಸಮಯ ಇಲ್ಲದಿದ್ದರೆ ಕೊನೇ ಪಕ್ಷ ಬ್ಯಾಕ್‌ಪ್ಲೇಟ್ ತೆಗೆದು, ಒಳಗೆ ಸೀಮೆಎಣ್ಣೆ ಸುರಿದು ತೊಳೆದು, ತೆಳು ಎಣ್ಣೆ ತುಂಬಿಸಿಡಿ. ಮೆಥನಾಲ್ ನೀರು ಹೀರುತ್ತೆ, ಮಣ್ಣೂ ಹಸಿಯಿತ್ತು ಅಂತೀರಿ. ಹಾಗೇ ಬಿಟ್ಟರೆ ಶಾಫ್ಟಿಗೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತೆ.